ಅಯ್ಯನವರು ಬರುವ ಮನೆಯಲ್ಲಿ ಕಾವಿಗೆ ಕೂತ ಕೋಳಿ

ಮಾನ ಹೋಗುವುದಿದ್ದರೆ ಒಂದೇ ಸಲ ಹೋಗಿ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ಬೇರೆಯವರ ಕೋಳಿಯನ್ನು ನೋಡಿಕೊಳ್ಳಲು ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಅದು ಕಂತಿನಲ್ಲಿ ಹೋಗುತ್ತದೆ. ಒಂದು ಕಂತು ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ.

ನಾವಿರುವುದು ಬಾಗಲಗುಂಟೆಯಲ್ಲಿ. ಮನೆಯಲ್ಲಿ ಅಮ್ಮ, ನಾನು, ನನ್ನ ಹೆಂಡತಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನಾ ಬೆಳಿಗ್ಗೆ ಲಿಂಗಪೂಜೆ, ಹಣೆ ತುಂಬ ವಿಭೂತಿ, ಸೋಮವಾರ ಬಂತೆಂದರೆ ಅಯ್ಯನವರು ಬಂದು ಪೂಜೆ ಮಾಡಿ ಪ್ರಸಾದ ಮಾಡಿಕೊಂಡು ಹೋಗುವ ಮನೆ ನಮ್ಮದು. ಯಾರಾದರೂ ಹುಟ್ಟುಹಬ್ಬದ ಕೇಕ್ ಕಳಿಸಿದರೆ, ಅದರಲ್ಲಿ ಮೊಟ್ಟೆ ಇದೆಯೇ ಎಂದು ಅಮ್ಮ ಬೇಕರಿಗೇ ಫೋನ್ ಮಾಡಿ ಕೇಳುತ್ತಾಳೆ.

ಭರವಸೆ

ನಮ್ಮ ಹಿತ್ತಲಿನ ಶೀಟಿನ ಮನೆಯಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಇದ್ದಾರೆ. ಇಬ್ಬರೂ ಗಾರೆ ಕೆಲಸಕ್ಕೆ ಹೋಗುವವರು. ಆಕೆ ಊರಿನಿಂದ ಒಂದು ನಾಟಿ ಕೋಳಿ ತಂದು ಸಾಕಿಕೊಂಡಿದ್ದಳು. ಅದು ನಮ್ಮ ಮೆಟ್ಟಿಲಿನ ಕೆಳಗೆ, ತೂತು ಬಿದ್ದ ಸಿಮೆಂಟ್ ಬಾಂಡ್ಲಿಯಲ್ಲಿ ಕಾವಿಗೆ ಕೂತಿತ್ತು. ಸರಿಯಾಗಿ ಆಗಲೇ ಅವಳ ತಂಗಿಗೆ ಹೆರಿಗೆ ಹತ್ತಿರವಾಗಿ ಇಬ್ಬರೂ ಊರಿಗೆ ಹೊರಡಬೇಕಾಯಿತು.

"ಸರ, ನಾ ಬರೋತನಕ ಕೋಳಿ ಸ್ವಲ್ಪ ನೋಡ್ಕೋರಿ" ಅಂದಳು.

"ನಾವಾ? ಪಕ್ಕದ ಬೀದಿಯಲ್ಲಿ ನಿಮ್ಮೂರಿನವರೇ ಇದ್ದಾರಲ್ಲಮ್ಮ."

"ಅವ್ರು ಕೋಳಿ ತಿಂತಾರ್ರಿ. ಈ ಓಣ್ಯಾಗ ಕೋಳಿ ತಿನ್ನಲಾರದವ್ರು ನೀವೊಬ್ರ. ನಿಮ್ಮ ಕಡೆ ಬಿಟ್ರ ಒಂದ ಮರೀನೂ ಕಡಿಮಿ ಆಗಂಗಿಲ್ಲ ಅಂತ ಭರವಸಿ ಐತ್ರಿ."

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಮ್ಮನ ಕಣ್ಣು ತುಂಬಿ ಬಂತು. "ನಮ್ಮ ಆಚಾರಕ್ಕೆ ಮರ್ಯಾದೆ ಕೊಟ್ಟೋಳು ಈ ಬೀದೀಲಿ ಇವಳೊಬ್ಬಳೇ ಕಣೋ, ಒಪ್ಕೋ" ಅಂದಳು. ಒಂದು ಮರಿಯೂ ಕಡಿಮೆಯಾಗುವುದಿಲ್ಲ ಎಂದು ನಾನು ಮಾತು ಕೊಟ್ಟೆ. ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಆಚಾರಕ್ಕೆ ಕೊನೆಗೂ ಒಂದು ಬಹುಮಾನ ಸಿಕ್ಕಿತ್ತು, ಕೋಳಿ.

ಹೆಲ್ಮೆಟ್

ಕೋಳಿಗೆ ಏನು ಹಾಕಬೇಕೆಂದು ನಮಗೆ ಯಾರಿಗೂ ತಿಳಿಯದು. ಕೋಳಿಯ ವಿಷಯ ಕೋಳಿ ಅಂಗಡಿಯವನಿಗಿಂತ ಇನ್ನಾರಿಗೆ ಗೊತ್ತಿರುತ್ತದೆ ಎಂದುಕೊಂಡೆ. ಆದರೆ ನಮ್ಮ ಏರಿಯಾದ ಅಂಗಡಿಗೆ ಹೋದರೆ ಕಂಡವರು ಏನಂದಾರು? ಗಾಡಿ ತೆಗೆದುಕೊಂಡು ಮಾದನಾಯಕನಹಳ್ಳಿವರೆಗೆ ಹೋದೆ. ಹೆಲ್ಮೆಟ್ ತೆಗೆಯಲಿಲ್ಲ, ಗಾಜನ್ನೂ ಏರಿಸಲಿಲ್ಲ.

"ಎಷ್ಟು ಕೆಜಿ ಸಾರ್?" ಅಂದ ಅಂಗಡಿಯವನು.

"ತಗೊಳ್ಳೋಕೆ ಬಂದಿಲ್ಲಪ್ಪ. ಕೋಳಿಗೆ ಊಟಕ್ಕೆ ಏನು ಹಾಕ್ತೀರ ಅಂತ ಕೇಳೋಣ ಅಂತ."

"ನಮ್ಮತ್ರ ಬಂದ್ಮೇಲೆ ಏನೂ ಹಾಕಲ್ಲ ಸಾರ್" ಅಂದು ಅವನು ಕತ್ತಿ ಎತ್ತಿದ.

ಅಲ್ಲಿಂದ ಓಡಿಬಂದೆ. ಯಾರೂ ನೋಡಲಿಲ್ಲ ಎಂಬ ಸಮಾಧಾನವಿತ್ತು. ಮರುದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸುವವನು ನಾನು ಕೇಳದೆಯೇ ತಟ್ಟೆಗೆ ಒಂದು ಆಮ್ಲೆಟ್ ಇಟ್ಟ. "ಸಂಕೋಚ ಪಟ್ಕೋಬೇಡಿ ಸಾರ್, ನಿನ್ನೆ ನಮ್ಮ ಹುಡುಗರೆಲ್ಲ ನೋಡಿದ್ರಂತೆ" ಅಂದ.

ನನಗೆ ಅರ್ಥವಾಗಲಿಲ್ಲ. ಮುಖವೇ ಕಾಣದ ಮೇಲೆ ಹೇಗೆ ನೋಡಿದರು? ಸಂಜೆ ಗಾಡಿ ಹತ್ತುವಾಗ ಅರ್ಥವಾಯಿತು. ಸುರಕ್ಷತಾ ಸಪ್ತಾಹದಲ್ಲಿ ಕಂಪನಿಯವರೇ ಕೊಟ್ಟ ಹೆಲ್ಮೆಟ್ ಅದು. ಹಿಂಬದಿಯಲ್ಲಿ ನನ್ನ ಹೆಸರು, ಡಿಪಾರ್ಟ್‌ಮೆಂಟು ಎಲ್ಲ ದಪ್ಪಕ್ಷರದಲ್ಲಿತ್ತು.

ರಿಜೆಕ್ಟ್

ಮೊಟ್ಟೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಮರಿ ಇದೆಯೋ ಇಲ್ಲವೋ ತಿಳಿಯುತ್ತದೆ ಎಂದು ಎಲ್ಲೋ ಓದಿದೆ. ತಪಾಸಣೆ ಎಂದ ಮೇಲೆ ನನ್ನನ್ನು ಹಿಡಿಯುವವರು ಯಾರು? ಕೋಳಿ ಕಾಳು ತಿನ್ನಲು ಎದ್ದಾಗ ಕೈಗೆ ಗ್ಲೌಸ್ ಹಾಕಿಕೊಂಡು, ಮೊಬೈಲ್ ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿದೆ. ಎಲ್ಲ ಪಾಸಾದವು. ಒಂದರಲ್ಲಿ ಮಾತ್ರ ಏನೂ ಕಾಣಲಿಲ್ಲ. ಅದಕ್ಕೆ ಕೆಂಪು ಮಾರ್ಕರಿನಲ್ಲಿ ಕಾಟು ಹಾಕಿ, "ಇದು ರಿಜೆಕ್ಟು, ಬಿಸಾಡು" ಅಂತ ಹೆಂಡತಿಯ ಕೈಗೆ ಕೊಟ್ಟೆ.

ತಾಯಿಯ ಮಡಿಲಿನಿಂದ ಕೂಸನ್ನು ಕಿತ್ತುಕೊಂಡ ಹಾಗಾಗುತ್ತದೆ ಎಂದು ಅವಳು ಬಿಸಾಡದೆ ಸದ್ದಿಲ್ಲದೆ ಕೋಳಿಯ ಕೆಳಗೇ ಇಟ್ಟುಬಿಟ್ಟಿದ್ದಳು.

ಮೊಟ್ಟೆ ಒಡೆದು ಮರಿ ಬರುವ ಬೆಳಿಗ್ಗೆ ಅಮ್ಮ ಕೂಗಿ ಕರೆದಳು. ಎಲ್ಲಕ್ಕಿಂತ ಮೊದಲು ಹೊರಬಂದ ಮರಿ ತಾಯಿಯ ರೆಕ್ಕೆಯ ಪಕ್ಕ ನಿಂತು ನಮ್ಮನ್ನೇ ನೋಡುತ್ತಿತ್ತು. ಅದರ ಬೆನ್ನಿಗೆ ಅಂಟಿಕೊಂಡಿದ್ದ ಚಿಪ್ಪಿನ ಚೂರಿನ ಮೇಲೆ ನನ್ನ ಕೆಂಪು ಕಾಟು.

ಹೆಂಡತಿ ನನ್ನ ಮುಖ ನೋಡಿ, "ನಿಮ್ಮ ಕಂಪನಿ ಬ್ರೇಕ್ ಪಾರ್ಟ್ಸ್ ಮಾಡೋದಲ್ವಾ?" ಅಂದಳು. ಹೌದು ಅಂದೆ. "ನಾಳೆಯಿಂದ ನಾನು ನಡ್ಕೊಂಡೇ ಹೋಗ್ತೀನಿ" ಅಂದಳು.

ಟೆರೇಸಿನ ಮೇಲೆ

ಒಂಬತ್ತು ಮರಿಗಳು. ಎರಡು ಮಂಕಾಗಿದ್ದವು. ಯಾದಗಿರಿಗೆ ಫೋನ್ ಹಚ್ಚಿದೆ. "ಮೊಟ್ಟಿ ಕುದಿಸಿ ಒಳಗಿನ ಹಳದಿ ಪುಡಿ ಮಾಡಿ ಹಾಕ್ರಿ ಸರ, ಶಕ್ತಿ ಬರ್ತೈತಿ" ಅಂದಳು ಆಕೆ.

ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. "ಅಲ್ವೋ, ಅವುಗಳದ್ದನ್ನೇ ಅವಕ್ಕೆ ತಿನ್ನಿಸ್ತಾರೇನೋ? ಏನಾದ್ರೂ ಮಾಡ್ಕೋ, ಅಡುಗೆಮನೆ ಹೊಸಿಲು ಮಾತ್ರ ದಾಟಿಸ್ಬೇಡ."

ಟೆರೇಸಿನ ಮೇಲೆ ಮೂರು ಇಟ್ಟಿಗೆ ಇಟ್ಟು, ಹಳೆಯ ಡಬ್ಬಿಯಲ್ಲಿ ನೀರು ಕಾಯಿಸಿ, ಹುಟ್ಟಿ ಮೊದಲನೇ ಸಲ ಮೊಟ್ಟೆ ಬೇಯಿಸಿದೆ. ಸಿಪ್ಪೆ ಸುಲಿಯಲು ಬಾರದೆ ಗೀರಿಗೀರಿ ತೆಗೆಯುತ್ತಿರುವಾಗ ತಲೆಯೆತ್ತಿದರೆ ಪಕ್ಕದ ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಿದ್ದ ಆ ಮನೆಯ ಮೇಡಂ. ಕ್ಲಿಪ್ಪು ಬಾಯಲ್ಲೇ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಉಪ್ಪು, ಮೆಣಸಿನಪುಡಿ ಕೊಡ್ಲಾ ಸಾರ್?" ಅಂದರು ಮೆತ್ತಗೆ.

"ಅಯ್ಯೋ, ನನಗಲ್ಲ ಮೇಡಂ. ಮರಿಗಳಿಗೆ."

"ಶುರುವಲ್ಲಿ ನಮ್ಮನೆಯವರೂ ನಾಯಿಗೆ ಅಂತಾನೇ ಹೇಳ್ತಿದ್ರು ಸಾರ್" ಅಂದರು.

ಗಂಟೆ

ಮೊಟ್ಟೆ ತಿಂದು ಮರಿಗಳು ಚುರುಕಾದವು. ಆಮೇಲೆ ಅವುಗಳ ಪಾಲನೆಯನ್ನೆಲ್ಲ ಅಮ್ಮನೇ ವಹಿಸಿಕೊಂಡಳು. ಮುಳುಗಿ ಸಾಯಬಾರದೆಂದು ತಟ್ಟೆಯ ನೀರಿಗೆ ಬೆಣಚುಕಲ್ಲು ಹಾಕಿದಳು. ಕಾಗೆ ಬಂದರೆ ಓಡಿಸಲು ಹಳೆಯ ಪೂಜೆಯ ಗಂಟೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಗಂಟೆ ಬಾರಿಸುವುದು, ಕಾಗೆ ಹೋದ ಮೇಲೆ ಒಂದು ಹಿಡಿ ಅಕ್ಕಿನುಚ್ಚು ಚೆಲ್ಲುವುದು. ಕೆಲವೇ ದಿನಗಳಲ್ಲಿ ಗಂಟೆ ಕೇಳಿದರೆ ಸಾಕು, ತಾಯಿ ಮರಿ ಎಲ್ಲ ಎಲ್ಲಿದ್ದರೂ ಓಡಿಬರುವ ಹಾಗಾಯಿತು. ಇದರಿಂದ ಮುಂದೆ ಏನಾದೀತು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಅಯ್ಯನವರು ಬಂದರು. ವಯಸ್ಸಾದವರು, ಬಹಳ ಮಡಿ. ಬರುವಾಗಲೇ ಹಿತ್ತಲಿನಿಂದ ಸದ್ದು ಕೇಳಿ, "ಏನದು?" ಅಂದರು. "ಬಾಡಿಗೆಯವರದ್ದು" ಅಂತ ನಾನು ತೊದಲಿದೆ. ಅವರು ಪೂಜೆಗೆ ಕೂತರು. ಮಂಗಳಾರತಿಯ ಹೊತ್ತಿಗೆ ಗಂಟೆ ಎತ್ತಿ ಬಾರಿಸಿದರು.

ಕೋಳಿ ಮುಂದೆ, ಒಂಬತ್ತು ಮರಿ ಹಿಂದೆ, ಹಿತ್ತಲ ಬಾಗಿಲಿನಿಂದ ನೇರವಾಗಿ ದೇವರ ಕೋಣೆಗೇ ಬಂದವು. ಅಕ್ಷತೆಗೆ ಬಾಯಿ ಹಾಕಿದವು. ಅಯ್ಯನವರು ಗಾಬರಿಯಾಗಿ ಓಡಿಸಲೆಂದು ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದರು. ಅವು ಇನ್ನೂ ಹತ್ತಿರ ಬಂದವು. ನಾನು, ಹೆಂಡತಿ ಮೊಣಕಾಲೂರಿ ಸಂದಿಗೊಂದಿಗಳಲ್ಲಿ ಹಿಡಿಯುತ್ತಿದ್ದರೆ, ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಯ್ಯನವರು ಪ್ರಸಾದವನ್ನೂ ಮುಟ್ಟದೆ, ಅಮ್ಮ ಅಕ್ಕಿ ಬೇಳೆ ಹಾಕಿಟ್ಟಿದ್ದ ಜೋಳಿಗೆಯನ್ನು ಹೆಗಲಿಗೇರಿಸಿ ಹೊರಟುಬಿಟ್ಟರು.

ಅವರು ಹೋದ ಸ್ವಲ್ಪ ಹೊತ್ತಿಗೇ ಯಾದಗಿರಿಯಿಂದ ಆಕೆ ಬಂದಳು. ಬ್ಯಾಗು ಕೆಳಗಿಡುವ ಮೊದಲೇ ಮರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಎಣಿಸಿದಳು. ಎಂಟು. ಮತ್ತೆ ಎಣಿಸಿದಳು. ಎಂಟೇ.

ಫೋನಿನಲ್ಲಿ ಒಂಬತ್ತೆಂದು ನಾನೇ ಹೆಮ್ಮೆಯಿಂದ ಹೇಳಿದ್ದೆ. ಮಂಚದ ಕೆಳಗೆ, ದೇವರ ಪೆಟ್ಟಿಗೆಯ ಹಿಂದೆ, ಎಲ್ಲ ಹುಡುಕಿದೆವು. ಗದ್ದಲ ಕೇಳಿ ಬೀದಿಯವರೂ ಬಂದರು, ಪಕ್ಕದ ಟೆರೇಸಿನ ಮೇಡಂ ಕೂಡ. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ತಡೆಯಲಾರದೆ, "ನಾವು ತಿಂದಿಲ್ಲಮ್ಮ. ದೇವರಾಣೆಗೂ ತಿಂದಿಲ್ಲ" ಅಂದುಬಿಟ್ಟೆ.

ಆಕೆ ಪೆಚ್ಚಾಗಿ ನನ್ನನ್ನು ನೋಡಿದಳು. "ನಾ ಹಂಗ ಕೇಳೇ ಇಲ್ಲಲ್ರೀ ಸರ" ಅಂದಳು. ಮೇಡಂ ಮಾತ್ರ ಸಣ್ಣಗೆ ಕೆಮ್ಮಿದರು. ನನಗೆ ತಲೆಯೆತ್ತಲು ಆಗಲಿಲ್ಲ. ತಿನ್ನದವರು ಎಂಬ ಒಂದೇ ನಂಬಿಕೆಯ ಮೇಲೆ ಬಿಟ್ಟುಹೋಗಿದ್ದಳು, ಆ ನಂಬಿಕೆಗೆ ನಾನೇ ಅನುಮಾನ ಅಂಟಿಸಿದ್ದೆ.

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಅಯ್ಯನವರು ಇಳಿದರು. ಜೋಳಿಗೆಯನ್ನು ಮೈಗೆ ತಾಗದಂತೆ ದೂರಕ್ಕೆ ಚಾಚಿ ಹಿಡಿದಿದ್ದರು. ಒಳಗಿನಿಂದ ಚೀಂವ್ ಚೀಂವ್.

"ನಾಗಸಂದ್ರ ಮೆಟ್ರೋದಲ್ಲಿ ಇದನ್ನ ಮೆಷಿನ್ನಿಗೆ ಹಾಕಿದೆ ಕಣಪ್ಪ" ಅಂದರು. "ಟೀವಿಲಿ ಮೂಳೆ ಕಾಣಿಸ್ತಂತೆ. ಆ ಸೆಕ್ಯುರಿಟಿ ಹೆಣ್ಮಗಳು ಬೆಲ್ಟ್ ನಿಲ್ಲಿಸಿ, ಹಿಂದೆ ಅಷ್ಟುದ್ದ ಕ್ಯೂ ಇದೆ, 'ಸ್ವಾಮೀ, ಕೋಳಿ ಅಲೋ ಇಲ್ಲ' ಅಂದ್ಳು. ಈ ಕಾವಿ, ಈ ವಿಭೂತಿ ಇಟ್ಕೊಂಡು ನಾನು ಯಾರಿಗೆ ಏನಂತ ಹೇಳ್ಲಿ?"

ನಾನು ಅವರ ಕಾಲಿಗೆ ಬಿದ್ದೆ. ಏಳಲು ಧೈರ್ಯ ಬರಲಿಲ್ಲ, ಅಲ್ಲೇ ಇದ್ದೆ.

ಆದರೆ ಯಾದಗಿರಿಯಾಕೆ ಜೋಳಿಗೆಗೆ ಕೈ ಹಾಕಿ, ಅಕ್ಕಿಯ ನಡುವೆ ಕೂತಿದ್ದ ಮರಿಯನ್ನು ಎತ್ತಿಕೊಂಡಳು. ಜೋಳಿಗೆಯ ತಳದಲ್ಲಿದ್ದ ವಿಭೂತಿ ಗಟ್ಟಿ ಒಡೆದು, ಮರಿಯ ತಲೆ ಬೆನ್ನೆಲ್ಲ ಬೆಳ್ಳಗಾಗಿತ್ತು. ಅವಳು ಅದನ್ನೊಮ್ಮೆ, ಅಯ್ಯನವರನ್ನೊಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು. "ಅಯ್ಯಾರ, ಇದಕ್ಕ ದೀಕ್ಷಾ ಕೊಟ್ರೇನ್ರಿ?" ಅಂದಳು ಭಕ್ತಿಯಿಂದ.

ಅಯ್ಯನವರು ಒಡೆದ ವಿಭೂತಿ ಗಟ್ಟಿಯ ಚೂರುಗಳನ್ನು ಅಕ್ಕಿಯಿಂದ ಆರಿಸತೊಡಗಿದರು.

ಆಕೆ ಬಂದು ಮರಿಯನ್ನು ನನ್ನ ಕೈಯಲ್ಲೇ ಇಟ್ಟಳು. "ಹಂಗಾದ್ರ ಇದು ನಿಮ್ಮ ಮನ್ಯಾಗ ಇರ್ಲಿ ಸರ. ದೀಕ್ಷಾ ಆದದ್ದನ್ನ ಕೋಳಿ ತಿನ್ನೋರ ಮನ್ಯಾಗ ಇಡಬಾರದು."