ಲಗ್ನಪತ್ರಿಕೆಗೆ ಅಂಟಿದ ಕರಿ ಚೌಕಟ್ಟು

ಯಾವುದಾದರೊಂದು ಕೆಲಸ ನಮಗೆ ಬರುತ್ತದೆ ಎಂದು ಮನೆಯವರ ಮುಂದೆ ಒಮ್ಮೆ ತೋರಿಸಿಕೊಂಡರೆ ಮುಗಿಯಿತು, ಸಾಯುವ ತನಕ ಅದು ನಮ್ಮ ಕೊರಳಿಗೇ. ನಮ್ಮ ಸೋದರಮಾವ ಒಬ್ಬರು ಯಾವುದೋ ಮದುವೆಯಲ್ಲಿ ಬಾಯಿತಪ್ಪಿ "ಸಾರಿಗೆ ಉಪ್ಪು ಸಾಲದು" ಅಂದುಬಿಟ್ಟರು. ಅಂದಿನಿಂದ ನಮ್ಮ ಕಡೆಯ ಪ್ರತಿಯೊಂದು ಮದುವೆಯಲ್ಲೂ ಎಲ್ಲರೂ ರೇಷ್ಮೆ ಪಂಚೆ ಉಟ್ಟು ಫೋಟೋಕ್ಕೆ ನಿಂತಿದ್ದರೆ ಅವರೊಬ್ಬರು ಒಲೆಯ ಪಕ್ಕ ಸೌಟು ಹಿಡಿದು ಬೆವರುತ್ತ ನಿಂತಿರುತ್ತಿದ್ದರು. ನನ್ನ ಕೊರಳಿಗೆ ಬಿದ್ದದ್ದು ಈಮೇಲು. ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರ ಸರಕು ಸಾಗಿಸುವ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಇಡೀ ದಿನ ಕೂತು ಮೇಲು ಬರೆಯುವುದೇ ಕೆಲಸ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ನಮ್ಮ ಮನೆತನಕ್ಕೆ ಅಷ್ಟು ಸಾಕಾಯಿತು. ಮಗ್ಗ ಕೆಟ್ಟರೆ ನಮ್ಮಣ್ಣ, ಮೇಲು ಕೆಟ್ಟರೆ ನಾನು. ಮಗ್ಗವಾದರೂ ಕೆಟ್ಟಾಗ ನಿಂತುಬಿಡುತ್ತದೆ, ಸದ್ದು ಅಡಗುತ್ತದೆ, ಎಲ್ಲಿ ಕೆಟ್ಟಿದೆ ಎಂದು ಹುಡುಕಬಹುದು. ಮೇಲು ಕೆಟ್ಟಿದೆ ಎಂದು ನಮಗೆ ತಿಳಿಯುವುದು ಅದು ಇನ್ನೊಬ್ಬರ ಕೈ ಸೇರಿದ ಮೇಲೆ.

ಈ ಮೇಲ್ ಬರೆಯುವ ತಂತ್ರಾಂಶಕ್ಕೂ ನನಗೂ ಜಾತಕ ಕೂಡಿಬಂದಿಲ್ಲ. ಸಾಲಿನ ಮೊದಲಿಗೆ ಸುಮ್ಮನೆ ಒಂದು ಅಡ್ಡಗೆರೆ ಎಳೆದರೆ ಸಾಕು, ಇವನು ಏನೋ ಪಟ್ಟಿ ಮಾಡುತ್ತಿದ್ದಾನೆ ಎಂದು ತಾನೇ ತೀರ್ಮಾನಿಸಿ ಕೆಳಗಿನ ಸಾಲುಗಳಿಗೆಲ್ಲ ಬೊಟ್ಟು ಇಟ್ಟುಕೊಂಡು ಹೋಗುತ್ತದೆ. ಒಂದು ಪದವನ್ನು ದಪ್ಪ ಮಾಡಿದರೆ ಆಮೇಲೆ ಬರೆದದ್ದೆಲ್ಲ ದಪ್ಪ. ಒಮ್ಮೆ ಹೀಗೇ ನನ್ನ ಮೇಲಧಿಕಾರಿಗೆ ರಜೆ ಕೇಳಿ ಬರೆದ ಮೇಲಿನಲ್ಲಿ "ದಯವಿಟ್ಟು" ಎಂಬುದರಿಂದ ಹಿಡಿದು ನನ್ನ ಹೆಸರಿನವರೆಗೆ ಎಲ್ಲವೂ ಸಿನಿಮಾ ಪೋಸ್ಟರಿನ ಅಕ್ಷರದಷ್ಟು ದಪ್ಪವಾಗಿ ಹೋಗಿತ್ತು. ಅವರು ಕರೆಸಿ, "ಏನ್ರೀ, ರಜೆ ಕೇಳ್ತಿದೀರೋ, ಹೆದರಿಸ್ತಿದೀರೋ?" ಅಂದರು. ನಾನು ಹೆದರಿಸಬಲ್ಲ ಮನುಷ್ಯನಾಗಿದ್ದರೆ ರಜೆ ಕೇಳಿ ಮೇಲು ಯಾಕೆ ಬರೆಯುತ್ತಿದ್ದೆ? ಅಂದೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ನಮ್ಮ ಚಿಕ್ಕಪ್ಪ ತೀರಿಕೊಂಡಾಗ ತಿಥಿ ಕಾರ್ಡು ಮಾಡುವ ಕೆಲಸವೂ ಸಹಜವಾಗಿ ನನ್ನ ಪಾಲಿಗೇ ಬಂತು. ಕಚೇರಿಯ ಕಂಪ್ಯೂಟರಿನಲ್ಲೇ ಕೂತು, ಸುತ್ತ ಕಪ್ಪು ಚೌಕಟ್ಟು ಹಾಕಿ, ಒಳಗೆ ಚಿಕ್ಕಪ್ಪನ ಹೆಸರು, ವೈಕುಂಠ ಸಮಾರಾಧನೆಯ ವಿವರ, ಕೆಳಗೆ ಇಡೀ ಕುಟುಂಬದವರ ಹೆಸರು ಕೂರಿಸಿ ದೂರದೂರದ ನೆಂಟರಿಗೆಲ್ಲ ಮೇಲಿನಲ್ಲೇ ಕಳಿಸಿದೆ. ಎಲ್ಲರೂ ಮೆಚ್ಚಿಕೊಂಡರು. "ಅಚ್ಚುಕೂಟದವನೂ ಹಿಂಗ್ ಮಾಡ್ತಿರ್ಲಿಲ್ಲ ಕಣೋ" ಅಂದ ನಮ್ಮಣ್ಣ. ಅಣ್ಣ ನನ್ನನ್ನು ಹೊಗಳಿದ್ದು ಅದೇ ಮೊದಲು, ಪಾಪ, ಅದೇ ಕೊನೆ.

ಆ ಕಾರ್ಡಿನಲ್ಲಿ ಇನ್ನೊಂದು ವಿಶೇಷವಿತ್ತು. ನಮ್ಮ ಮನೆತನದಲ್ಲಿ ಯಾವುದೇ ಪತ್ರಿಕೆಯಾಗಲಿ, ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬ ಜಗಳ ಆಗದೆ ಅಚ್ಚಿಗೆ ಹೋದದ್ದಿಲ್ಲ. ದೊಡ್ಡತ್ತೆಯ ಗಂಡ ವಯಸ್ಸಿನಲ್ಲಿ ಹಿರಿಯರು, ಆದರೆ ಸಂಬಂಧದಲ್ಲಿ ಅಳಿಯ. ಚಿಕ್ಕ ಸೋದರಮಾವ ಸಂಬಂಧದಲ್ಲಿ ದೊಡ್ಡವರು, ಆದರೆ ನನಗಿಂತ ಚಿಕ್ಕವರು. ಅಣ್ಣನ ಮಗನ ನಾಮಕರಣದ ಪತ್ರಿಕೆಯಲ್ಲಿ ತಮ್ಮ ಹೆಸರು ಮಡಿಕೆಯ ಗೆರೆಯ ಮೇಲೆ ಬಿತ್ತೆಂದು ಒಬ್ಬರು ಊಟಕ್ಕೇ ಕೂರಲಿಲ್ಲ. ಅಂಥ ನಮ್ಮ ಮನೆತನ ಒಮ್ಮತದಿಂದ ಒಪ್ಪಿದ ಹೆಸರಿನ ಸಾಲು ಎಂದರೆ ಚಿಕ್ಕಪ್ಪನ ತಿಥಿ ಕಾರ್ಡಿನದು ಒಂದೇ. ಅತ್ತು ಸುಸ್ತಾಗಿದ್ದವರಿಗೆ ಜಗಳಕ್ಕೆ ತ್ರಾಣವಿರಲಿಲ್ಲ.

ಹೀಗಿರುವಾಗ ನಮ್ಮ ಮಗಳು ಸಹನಾಳಿಗೆ ದೇವನಹಳ್ಳಿಯ ಸಂಬಂಧ ಗೊತ್ತಾಯಿತು. ಹುಡುಗನ ತಂದೆ ರಾಜಣ್ಣನವರಿಗೆ ಕೋಟೆಯ ಒಳಗೆ ಮನೆ, ಪೇಟೆಯಲ್ಲಿ ಬಟ್ಟೆ ಅಂಗಡಿ. ಬಹಳ ಮೃದು ಮನುಷ್ಯರು. ಹುಡುಗ ಒಳ್ಳೆಯವನು, ನಮ್ಮ ಹುಡುಗಿಗೆ ಇಷ್ಟವಾಗಿದ್ದ. ಆ ಮನೆಯಲ್ಲಿ ಕೊನೆಯ ಮಾತು ಮಾತ್ರ ರಾಜಣ್ಣನವರ ತಾಯಿ ಪುಟ್ಟಮ್ಮನವರದು. ಆಷಾಢ ಬರುವ ಮೊದಲೇ ಮದುವೆ ಎಂದು ನಿಶ್ಚಯವಾಗಿ, ಛತ್ರ ಹಿಡಿದು, ಅಣ್ಣ ಧಾರೆ ಸೀರೆಯನ್ನು ತನ್ನ ಮಗ್ಗಕ್ಕೇ ಏರಿಸಿಯಾಗಿತ್ತು. ಲಗ್ನಪತ್ರಿಕೆಯ ಒಕ್ಕಣೆ ನಮ್ಮ ಕಡೆಯಿಂದ ಹೋಗಬೇಕು. ಪುಟ್ಟಮ್ಮನವರು ಅದರ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ದೇವರ ಮುಂದೆ ಇಟ್ಟ ಮೇಲೇ ಅದು ಅಚ್ಚಿಗೆ ಹೋಗಬೇಕು. "ಬೀಗ್ರೇ, ಮೇಲ್ ಮಾಡ್ಬಿಡಿ. ಇಲ್ಲೇ ಜೆರಾಕ್ಸ್ ಅಂಗ್ಡೀಲಿ ಪ್ರಿಂಟ್ ತೆಗೆಸ್ಕೋತೀನಿ. ಸುಮ್ನೆ ನೀವ್ಯಾಕ್ ಓಡಾಡ್ತೀರಾ?" ಅಂದರು ರಾಜಣ್ಣ.

ನಾನು ಮನೆಯ ಲ್ಯಾಪ್‌ಟಾಪಿನಲ್ಲಿ ಒಕ್ಕಣೆ ಬರೆದೆ. ಮೇಲೆ ಶ್ರೀಕಾರ, ಕೆಳಗೆ ವಧೂವರರ ಹೆಸರು, ಮುಹೂರ್ತ, ಎಲ್ಲ ಆಯಿತು. ಕುಟುಂಬದವರ ಹೆಸರಿನ ಹತ್ತಿರ ಬಂದಾಗ ಕೈ ನಿಂತಿತು. ಮತ್ತೆ ಆ ಜಗಳ ಯಾರಿಗೆ ಬೇಕು? ಚಿಕ್ಕಪ್ಪನ ಕಾರ್ಡಿನ ಹಳೆಯ ಮೇಲನ್ನು ತೆರೆದು, ಹೆಸರುಗಳನ್ನು ಅನಾಮತ್ತಾಗಿ ಎತ್ತಿ ಇಲ್ಲಿ ಇಳಿಸಿದೆ. "ದುಃಖತಪ್ತ ಕುಟುಂಬದವರು" ಎಂಬ ತಲೆಬರಹವೂ ಜೊತೆಗೇ ಬಂತು. ಅದನ್ನು ಜೋಪಾನವಾಗಿ ಅಳಿಸಿ "ಸುಖಾಗಮನಾಭಿಲಾಷಿಗಳು" ಎಂದು ಹಾಕಿದೆ. ಎಷ್ಟು ಎಚ್ಚರದ ಮನುಷ್ಯ ನೋಡಿ! ಪರದೆಯ ಮೇಲೆ ಎಲ್ಲವೂ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಕಳಿಸಿ, ಕಾಫಿ ಕುಡಿದೆ.

ಮಾರನೆಯ ದಿನ ಬೆಳಿಗ್ಗೆ ರಾಜಣ್ಣನವರ ಫೋನು. ದನಿ ಸಣ್ಣಗಿತ್ತು.

"ಏನ್ ಬೀಗ್ರೇ ಇದು, ಹಿಂಗ್ ಮಾಡ್ಬಿಟ್ರಿ?"

"ಯಾಕೆ ರಾಜಣ್ಣೋರೆ, ಏನಾಯ್ತು?"

"ಸುತ್ತ ಕರಿ ಚೌಕಟ್ಟು ಬಂದದೆ. ನೋಡಿದ್ರೆ ತಿಥಿ ಕಾರ್ಡ್ ಇದ್ದಂಗೆ ಕಾಣ್ತದೆ. ನಮ್ಮವ್ವ ಅರಿಸಿನದ ಬಟ್ಲು ಅತ್ಲಾಗ್ ಸರಿಸಿ, ಇದಕ್ಕೆ ಹಚ್ಚಲ್ಲ ಅಂತ ಕೂತ್ಬಿಟ್ಟವ್ರೆ."

ಸರಿಮಾಡಿ ಕಳಿಸುತ್ತೇನೆ ಎಂದು ಫೋನಿಟ್ಟೆ. ಹೆಸರು ಎಲ್ಲಿಂದ ಎತ್ತಿದೆ ಎಂಬುದನ್ನು ಬೀಗರಿಗೆ ಹೇಳುವ ಧೈರ್ಯ ಬರಲಿಲ್ಲ. ಹೆಂಡತಿ ಗಿರಿಜಾಗೆ ಹೇಳಿದೆ. ಅವಳು ಒಗ್ಗರಣೆ ಸೌಟನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. "ತಿಥಿ ಕಾರ್ಡಿಂದ ತೆಗೆದು ಲಗ್ನಪತ್ರಿಕೆಗೆ ಹಾಕಿದ್ರಾ? ನಿಮಗೇನ್ರೀ ಮಂಕು ಬಡಿದಿತ್ತಾ?" ಅಂದಳು. ಬಡಿದಿತ್ತು ಎಂದು ಒಪ್ಪಿಕೊಂಡೆ.

ಕಚೇರಿಯ ಕಂಪ್ಯೂಟರ್ ವಿಭಾಗದಾತನಿಗೆ ಫೋನು ಮಾಡಿದೆ. ಆತ ಬಹಳ ತಾಳ್ಮೆಯಿಂದ, ಮಗುವಿಗೆ ಔಷಧ ಕುಡಿಸುವ ದನಿಯಲ್ಲಿ ವಿವರಿಸಿದ. "ಸಾರ್, ಅದು ಬರೀ ಗೆರೆ ಅಲ್ಲ, ಟೇಬಲ್ಲು, ಅಂದ್ರೆ ಕೋಷ್ಟಕ. ಹೆಸರು ಕಾಪಿ ಮಾಡಿದ್ರಲ್ಲ, ಅದೂ ಜೊತೇಲಿ ಬಂದ್ಬಿಟ್ಟಿದೆ. ನಿಮ್ಮ ಲ್ಯಾಪ್‌ಟಾಪಲ್ಲಿ ಕಾಣಲ್ಲ, ಬೇರೆ ಕಡೆ ಕಾಣುತ್ತೆ. ಪೂರ್ತಿ ಸೆಲೆಕ್ಟ್ ಮಾಡಿ ಕ್ಲಿಯರ್ ಫಾರ್ಮ್ಯಾಟಿಂಗ್ ಒತ್ತಿ ಸಾರ್, ಹೋಗುತ್ತೆ." ಒತ್ತಿದೆ. ನಡುವೆ ಕೂತಿದ್ದ ಶ್ರೀಕಾರ ಎಡಕ್ಕೆ ಜಾರಿತು. ಮಗಳ ಹೆಸರು ಇರುವೆಯಷ್ಟಾಯಿತು. ಮುಹೂರ್ತದ ಸಾಲು ಅಡುಗೆಯವರ ಫೋನ್ ನಂಬರಿನ ಹಾಗೆ ಬಡವಾಯಿತು. ಇಷ್ಟೆಲ್ಲ ಹೋದಮೇಲೆ ಚೌಕಟ್ಟೂ ಹೋಗಿರಲೇಬೇಕು ಎಂದು ಕಳಿಸಿದೆ. ಮಧ್ಯಾಹ್ನ ಮತ್ತೆ ಫೋನು ಬಂತು. ಎಲ್ಲವೂ ಹೋಗಿತ್ತು, ಚೌಕಟ್ಟು ಮಾತ್ರ ಕಲ್ಲುಗುಂಡಿನ ಹಾಗೆ ಇತ್ತು. ತಲೆತಲಾಂತರದಿಂದ ಸೀರೆಗೆ ಅಂಚು ಕೂಡಿಸಿಕೊಂಡು ಬಂದ ವಂಶದಲ್ಲಿ ಹುಟ್ಟಿ ಒಂದು ಅಂಚು ಬಿಡಿಸಲಾರದೆ ಕೂತಿದ್ದೆ.

ಹಾಳಾಗಲಿ ಎಂದು ಹೊಸದಾಗಿ, ಒಂದೊಂದೇ ಅಕ್ಷರ ಹುಡುಕಿ ಕುಟ್ಟಿ, ಪೂರ್ತಿ ಒಕ್ಕಣೆಯನ್ನು ಮೊದಲಿಂದ ಬರೆದೆ. ಪಕ್ಕದ ಶೆಡ್ಡಿನಲ್ಲಿ ಅಣ್ಣನ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು, ನನ್ನ ತಲೆಯೊಳಗೂ ಅದೇ ಸದ್ದು. ಈ ಸಲ ತಪ್ಪೇ ಇರಲಿಲ್ಲ, ದೇವರಾಣೆ ಇರಲಿಲ್ಲ. ಮಾಡಿದ್ದು ಒಂದೇ, ರಾಜಣ್ಣನವರ ವಿಳಾಸ ಮತ್ತೆ ಕುಟ್ಟುವ ಸೋಮಾರಿತನಕ್ಕೆ ಅವರಿಗೆ ನಾನೇ ಕಳಿಸಿದ್ದ ಹಳೆಯ ಮೇಲಿಗೇ ಉತ್ತರವಾಗಿ ಕಳಿಸಿದೆ. ಹಳೆಯವೆರಡೂ ಅದರ ಬಾಲಕ್ಕೆ ಕಟ್ಟಿಕೊಂಡು ಹೋದವು. ಜೆರಾಕ್ಸ್ ಅಂಗಡಿಯವರು ಯಾವುದನ್ನೂ ಬಿಡದೆ ನಿಷ್ಠೆಯಿಂದ ಎಲ್ಲವನ್ನೂ ಪ್ರಿಂಟು ತೆಗೆದರು.

"ಬೀಗ್ರೇ, ಬೇಜಾರ್ ಮಾಡ್ಕೋಬೇಡಿ," ಅಂದರು ರಾಜಣ್ಣ. "ಈಗ ಚೌಕಟ್ಟು ಎರಡಾಗವೆ. ನಮ್ಮವ್ವ, ಒಂದ್ಸಲ ಆದ್ರೆ ಕೈತಪ್ಪು, ಮತ್ತ್ ಮತ್ತೆ ಆದ್ರೆ ಅಪಶಕುನ ಅಂತವ್ರೆ. ಆಷಾಢ ಕಳೀಲಿ, ಆಮೇಲ್ ನೋಡಾನ ಅಂತ ಅವರ ಮಾತು. ನಾನೇನ್ ಮಾಡ್ಲಿ ಹೇಳಿ?"

ಆಷಾಢ ಕಳೆದ ಮೇಲೆ ಆ ಛತ್ರ ಸಿಗುವುದಿಲ್ಲ. ಅದು ಹಾಳಾಗಲಿ, ಮುಂದಕ್ಕೆ ಹೋದ ಮದುವೆ ಮುಂದಕ್ಕೇ ಹೋಗುತ್ತಿರುವುದನ್ನು ನಾನು ನೋಡಿದ್ದೇನೆ. ಸಹನಾ ಊಟದ ನಡುವೆಯೇ ಎದ್ದಳು. "ಬಿಡಪ್ಪ, ಬೇಕಂತ ಮಾಡಿದ್ದಾ ನೀನು?" ಎಂದು ಒಳಗೆ ಹೋದಳು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಅವಳು ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಡೀ ಜನ್ಮಕ್ಕೆ ಒಂದೇ ಒಂದು ಒಳ್ಳೆಯ ಸುದ್ದಿಯನ್ನು ಕಳಿಸಬೇಕಾಗಿತ್ತು ನಾನು, ಅದನ್ನೂ ಸಾವಿನ ಲಕೋಟೆಯಲ್ಲಿ ಹಾಕಿ ಕಳಿಸಿದ್ದೆ.

ಗಿರಿಜಾ ಬಂದು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು. "ಸಾಕು ನಿಮ್ಮ ರಿಪೇರಿ. ಒಂದು ಬಿಳಿ ಹಾಳೆ ತಗೊಳ್ಳಿ, ಕೈಯಲ್ಲಿ ಬರೀರಿ. ತಟ್ಟೇಲಿ ಹೂವು ಹಣ್ಣು ಇಟ್ಕೊಂಡು ಇಬ್ರೂ ಹೋಗಿ ಬರೋಣ" ಅಂದಳು. ಬರೆದೆ. ಎಷ್ಟು ವರ್ಷವಾಗಿತ್ತೋ ಕೈಯಲ್ಲಿ ಬರೆದು, ಅಕ್ಷರಗಳು ಸಂತೆಗೆ ಹೋದ ಕುರಿಗಳಂತೆ ಒಂದನ್ನೊಂದು ತಳ್ಳುತ್ತಿದ್ದವು. ಆದರೆ ಬರೆದದ್ದು ಬರೆದ ಜಾಗದಲ್ಲೇ ಇತ್ತು. ಯಾವುದೂ ತಾನಾಗಿ ದಪ್ಪವಾಗಲಿಲ್ಲ, ಯಾರೂ ಬೊಟ್ಟು ಇಡಲಿಲ್ಲ.

ಕೋಟೆಯ ಬಾಗಿಲು ದಾಟಿ ಅವರ ಮನೆ ಹೊಕ್ಕಾಗ ಪುಟ್ಟಮ್ಮನವರು ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಗಿರಿಜಾ ತಟ್ಟೆ ಮುಂದಿಟ್ಟು ಕಾಲಿಗೆ ಬಿದ್ದಳು. ನಾನೂ ಬಿದ್ದೆ, ಅವಳಿಗಿಂತ ಒಂದಿಷ್ಟು ಹೆಚ್ಚು ಹೊತ್ತೇ ಬಿದ್ದಿದ್ದೆ. ಅಜ್ಜಿ ಹಾಳೆ ಎತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಅಂಚಿನ ಮೇಲೆ ಬೆರಳಾಡಿಸಿದರು.

"ಇದ್ರಲ್ಲಿಲ್ಲ."

"ಇಲ್ಲ ಅಮ್ಮ, ನಾನೇ ಕೈಯಾರೆ ಬರ್ದಿರೋದು."

"ಹಿಂಗ್ ಬರ್ಬೇಕಿತ್ತು ಮೊದ್ಲೇ. ಲಗ್ನದ ಮಾತ್ನ ಆ ಜೆರಾಕ್ಸ್ ಅಂಗ್ಡಿ ಕೈಲಿ ಹೇಳ್ಕಳಿಸ್ತಾರಾ ಯಾರಾದ್ರೂ? ರಾಜ, ಅರಿಸಿನದ ಬಟ್ಲು ತಗೊಂಬಾ."

ರಾಜಣ್ಣ ಓಡಿದರು. ಅಜ್ಜಿಯ ಬೆರಳು ನಾಲ್ಕು ಮೂಲೆಗೂ ಹೋಗಿ ಬಂತು, ಮೇಲೆ ಕುಂಕುಮವೂ ಬಿತ್ತು, ಹಾಳೆ ದೇವರ ಮುಂದೆ ಸೇರಿತು. ಆಷಾಢದ ಮಾತು ಅಲ್ಲಿಗೇ ಬಿತ್ತು. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬೀಗರ ಮನೆಯಲ್ಲಿ ಅಳುವುದು ಸರಿಯಲ್ಲವೆಂದು ಮೈಸೂರುಪಾಕು ಬಾಯಿಗೆ ತುಂಬಿಕೊಂಡೆ.

ಹೊರಡುವ ಹೊತ್ತಿಗೆ, ಎಲ್ಲರೂ ಒಳಗೆ ತಾಂಬೂಲದ ಗಡಿಬಿಡಿಯಲ್ಲಿದ್ದಾಗ, ಅಜ್ಜಿ ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು. ಇನ್ನೇನು ಕಾದಿದೆಯೋ ಎಂದು ಹೆದರುತ್ತ ಬಗ್ಗಿದೆ.

"ಅಪ್ಪಾ, ಆ ಕರಿ ಚೌಕಟ್ಟು ಹಾಕಿದ್ಯಲ್ಲ, ಮದ್ವೇಗ್ ಆಗ್ಬರಲ್ಲ ಅಷ್ಟೆ, ಚೆಂದಾಗಿತ್ತು ಕಣಪ್ಪಾ. ಸುತ್ತ ಒಂದೇ ಸಮ. ನಮ್ಮ ಓರಗಿತ್ತಿದು ಮಾಡ್ಸಿದ್ರು, ಒಂದ್ ಕಡೆ ದಪ್ಪ, ಒಂದ್ ಕಡೆ ಸಣ್ಣ, ಥೂ. ನಮ್ ರಾಜಂಗೆ ಇವೆಲ್ಲ ತಿಳಿಯಲ್ಲ. ನಂದು ನೀನೇ ಮಾಡ್ಕೊಡು."

"ಬಿಡ್ತು ಅನ್ನಿ ಅಮ್ಮ, ಮದುವೆ ಹೊತ್ನಲ್ಲಿ ಎಂಥಾ ಮಾತು!"

"ಏ, ಮೊಮ್ಮಗನ ಮದ್ವೆ ನೋಡ್ದೆ ನಾನೆಲ್ಲೂ ಹೋಗಲ್ಲ. ಆಮೇಲಿಂದು ಹೇಳ್ತಿರೋದು. ಅದ್ನ ಅಳಿಸ್ಬೇಡ, ಹಂಗೇ ಮಡಗಿರು. ಎಲ್ಲಿ, ಭಾಷೆ ಕೊಡು."

ಅವರ ಕೈಯಲ್ಲಿ ಇನ್ನೂ ಅರಿಸಿನವಿತ್ತು. ಅದರ ಮೇಲೆ ನನ್ನ ಕೈಯಿಟ್ಟು, ಅಳಿಸುವುದಿಲ್ಲ ಎಂದು ಭಾಷೆ ಕೊಟ್ಟೆ. ಇಷ್ಟು ವರ್ಷದಲ್ಲಿ ನಾನು ಕೊಟ್ಟ ಮಾತುಗಳಲ್ಲಿ, ಉಳಿಸಿಕೊಂಡೇ ಉಳಿಸಿಕೊಳ್ಳುತ್ತೇನೆ ಎಂಬ ಪೂರ್ಣ ನಂಬಿಕೆ ನನಗಿರುವುದು ಇದೊಂದರ ಮೇಲೆ ಮಾತ್ರ.