ಕಂಬ ಒಂದೇ, ಕರೆಂಟು ನನ್ನದು

ಬಾಡಿಗೆ ಮನೇಲಿ ಇರೋನು ಆ ಮನೇಲಿ ತನ್ನದು ಅಂತ ಏನಿದೆ ಅಂತ ಒಂದ್ಸಲ ಯೋಚನೆ ಮಾಡಿ ನೋಡಬೇಕು, ಅಳು ಬರತ್ತೆ. ಗೋಡೆ ಓನರ್‌ದು, ಬಣ್ಣ ಓನರ್‌ದು, ನಾವು ಹೊಡೆಯೋಕೆ ಹೆದರಿ ಕೈಲೇ ಹಿಡ್ಕೊಂಡಿರೋ ಮೊಳೆ ಕೂಡ ಹೆಚ್ಚೂಕಮ್ಮಿ ಓನರ್‌ದೇ. ಒಗ್ಗರಣೆ ಘಾಟು ಒಂದು ನಮ್ಮದು. ಹಾಗಂತ ನಾನು ಓನರ್‌ಗಳ ಕೈಲಿ ಸುಮ್ಮನೆ ಸಿಕ್ಕಿಹಾಕ್ಕೊಂಡೋನಲ್ಲ ಸ್ವಾಮಿ. ಮೈಸೂರಲ್ಲಿ ಒಬ್ಬ ಬಕ್ಕತಲೆ ಓನರ್‌ಗೆ, "ನಿಮ್ಮ ಬಾವಿ ನೀರಲ್ಲಿ ಕೂದಲು ಬೆಳೆಯೋ ಗುಣ ಇದೆ" ಅಂತ ನಂಬಿಸಿದ್ದೆ. ಎಷ್ಟು ಚೆನ್ನಾಗಿ ನಂಬಿಸಿದ್ದೆ ಅಂದ್ರೆ, ಮಾರನೇ ದಿನದಿಂದ ಆ ಮಹಾನುಭಾವ ನಮ್ಮನ್ನ ಬಾವಿ ಹತ್ರಾನೇ ಬಿಡಲಿಲ್ಲ. ನನ್ನ ಪ್ರತಿಭೆಗೆ ಮೊದಲು ಬಲಿ ಆಗೋದು ಯಾವಾಗಲೂ ನಾನೇ.

ಟೊರಾಂಟೋಗೆ ಬಂದ ಮೇಲೆ ನಾರ್ತ್ ಯಾರ್ಕ್‌ನಲ್ಲಿ ನಮಗೆ ಸಿಕ್ಕಿದ್ದು, ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಿರೋ ಜೋಡಿ ಮನೆ. ಎರಡೂ ಹುಬ್ಬಳ್ಳಿ ಬಸಣ್ಣನವರದೇ. ಒಂದರಲ್ಲಿ ಅವರೂ ಅವರ ಹೆಂಡತಿ ಗಂಗಕ್ಕನೂ, ಇನ್ನೊಂದರಲ್ಲಿ ನಾನೂ ನನ್ನ ಹೆಂಡತಿ ಸರೋಜಾನೂ. ಭಾನುವಾರ ಬಂತು ಅಂದ್ರೆ ಗಂಗಕ್ಕ ಜೋಳದ ರೊಟ್ಟಿ, ಎಣಗಾಯಿ ಪಲ್ಯ ತಂದುಕೊಡೋರು. ಹೊರಗೆ ಮೊಣಕಾಲುದ್ದ ಸ್ನೋ ಬಿದ್ದಿರಲಿ, ವಿಂಟರ್ ಜಾಕೆಟ್ ಒಳಗೆ ಕೂಸಿನ ಥರ ರೊಟ್ಟಿ ಅವಚಿಕೊಂಡು ಬರೋರು. ಮೈಸೂರಿನ ನಾನು ಆ ರೊಟ್ಟಿಗೆ ಎಷ್ಟು ಸೋತಿದ್ದೆ ಅಂದ್ರೆ, ಭಾನುವಾರ ಬೆಳಿಗ್ಗೆಯಿಂದ ಉಪವಾಸ ಇರ್ತಿದ್ದೆ.

ಆಗ ಇಲ್ಲಿ ಕರೆಂಟು ಮಾರೋಕೆ ಬೇರೆ ಬೇರೆ ಕಂಪನಿಗಳನ್ನ ಬಿಟ್ಟ ಹೊಸತು. ಒಂದು ಶನಿವಾರ ಪಂಜಾಬಿ ಹೆಣ್ಣುಮಗಳೊಬ್ಬಳು ಬಾಗಿಲು ತಟ್ಟಿದಳು. "ಅಂಕಲ್‌ಜೀ, ನಮ್ಮ ಕಂಪನಿಗೆ ಬದಲಾಯಿಸ್ಕೊಳ್ಳಿ" ಅಂತ ಹಿಂದಿಯಲ್ಲಿ ಶುರು ಮಾಡಿದಳು. ನಾವು ಬಾಗಿಲಿಗೆ ಬಂದೋರನ್ನ ನಿಲ್ಲಿಸಿ ಮಾತಾಡಿಸ್ತೀವಾ? ಒಳಗೆ ಕೂರಿಸಿ, ಕಾಫಿ ಕೊಟ್ಟು, ಯಾವೂರು, ಅಪ್ಪ ಏನು ಮಾಡ್ತಾರೆ ಎಲ್ಲಾ ಕೇಳಿದ ಮೇಲೆ ನಾನಂದೆ, "ನಾನು ಕಿರಾಯೇದಾರ್ ಕಣಮ್ಮ, ಬಾಡಿಗೆಗೆ ಇರೋನು. ಓನರ್ ಪಕ್ಕದ ಮನೆ."

"ಅದಕ್ಕೇನಂತೆ? ಬಿಲ್ ನಿಮ್ಮ ಹೆಸರಲ್ಲಿದ್ರೆ ಆರಿಸೋ ಹಕ್ಕು ನಿಮ್ಮದೇ" ಅಂದಳು.

ಹಕ್ಕು! ಈ ವಯಸ್ಸಲ್ಲಿ ಆ ಮಾತು ಕಿವಿಗೆ ಬಿದ್ದಿದ್ದೇ, ಬೆನ್ನು ತಾನಾಗೇ ನೆಟ್ಟಗಾಯ್ತು. ಬಿಲ್ಲು ನನ್ನ ಹೆಸರಲ್ಲೇ ಇತ್ತು. ತಂತಿ, ಮೀಟರು, ಕಂಬ ಎಲ್ಲಾ ಅವೇ ಇರ್ತವೆ, ಮಾರೋರ ಹೆಸರು ಮಾತ್ರ ಬದಲಾಗತ್ತೆ ಅಂತ ಅವಳು ಪ್ರಾಮಾಣಿಕವಾಗಿ ಹೇಳಿದಳು. ನಾನು ಅದನ್ನ ಅರ್ಧ ಮಾತ್ರ ಕೇಳಿಸ್ಕೊಂಡು ಪೂರ್ತಿ ಸೈನ್ ಹಾಕಿದೆ.

ಸುದ್ದಿ ಮುಟ್ಟಿದ್ದೇ ಬಸಣ್ಣ ಚಪ್ಪಲಿ ಮೇಲೇ ಸ್ನೋ ತುಳ್ಕೊಂಡು ಬಂದರು. "ಏನ್ರೀ ರಾಯರ, ಮನಿ ನಂದು, ಗ್ವಾಡಿ ನಂದು, ಗ್ವಾಡಿಯೊಳಗಿನ ವೈರ್ ನಂದು. ಅದರಾಗ ಹರಿಯೂ ಕರೆಂಟ್ ನಿಮ್ಮದು ಹ್ಯಾಂಗ ಆಕ್ಕೈತಿ?"

"ನಲ್ಲಿ ನಿಮ್ಮದಾದ್ರೆ ಗಂಗೆ ನಿಮ್ಮೋಳಾಗ್ತಾಳಾ ಬಸಣ್ಣ?"

"ಗಂಗಿ ನನ್ನಾಕೀನ ಹೌದಲ್ರೀ! ಅದಿರಲಿ, ಕಂಬ ಒಂದ ಐತಿ. ಎರಡು ಕಂಪನಿ ಕರೆಂಟ್ ಕೂಡಿ ಬಂದ್ರ, ಯಾವುದು ಯಾರ ಮನಿಗೆ ಹೋಗ್ಬೇಕಂತ ಅದಕ್ಕ ಹ್ಯಾಂಗ ಗೊತ್ತಾಗ್ಬೇಕು?"

"ಸಾಯಂಕಾಲ ಹಸು ತಾನೇ ಮನೆ ಹುಡುಕ್ಕೊಂಡು ಬರಲ್ವಾ?"

"ದನಕ್ಕ ಬುದ್ಧಿ ಇರತೈತ್ರೀ!" ಅಂತ ಗುಡುಗಿ, ನನ್ನ ಎದುರಿಗೇ ಕರೆಂಟ್ ಆಫೀಸಿಗೆ ಫೋನ್ ಹಚ್ಚಿದರು. ಸ್ಪೀಕರಲ್ಲಿ ಒಂದು ತಣ್ಣನೆ ಹೆಣ್ಣುದನಿ ಕೇಳ್ತು, "ಬಿಲ್ ಯಾರ ಹೆಸರಲ್ಲಿದೆ ಸರ್?" ಬಸಣ್ಣನ ಮುಖ ಸಣ್ಣಗಾಯ್ತು. ನಾವು ಮನೆಗೆ ಬಂದ ದಿನ, "ನಿಮ್ಮ ಬಿಲ್ಲಿನ ತಲಿನೋವು ನನಗ ಬ್ಯಾಡ" ಅಂತ ಹಟ ಹಿಡಿದು ಬಿಲ್ಲನ್ನ ನನ್ನ ಹೆಸರಿಗೆ ಮಾಡಿಸಿದ್ದು ಅವರೇ. "ಹಾಗಾದ್ರೆ ಆಯ್ಕೆ ಬಾಡಿಗೆದಾರರದು" ಅಂದಿತು ಫೋನು. ನಾನು ಮೀಸೆ ತಿರುವಿದೆ. ಮೀಸೆ ಇಲ್ಲ, ಆದ್ರೂ ತಿರುವಿದೆ.

ಆ ಭಾನುವಾರ ರೊಟ್ಟಿ ಬರಲಿಲ್ಲ. ಮುಂದಿನ ಭಾನುವಾರಾನೂ ಇಲ್ಲ. ಗೋಡೆ ಆಚೆಯಿಂದ ರೊಟ್ಟಿ ಬಡಿಯೋ ಸದ್ದು ಮಾತ್ರ ಪಟಪಟ ಅಂತ ಕೇಳ್ತಿತ್ತು. ನಾನು ಗೋಡೆಗೆ ಕಿವಿ ಕೊಟ್ಟು ಕೂತಿದ್ದನ್ನ ನೋಡಿ ಸರೋಜ, "ಹಸಿವಾದ್ರೆ ಹಕ್ಕು ತಿನ್ನಿ. ಜೊತೆಗೆ ಉಪ್ಪಿನಕಾಯಿ ಹಾಕ್ಲಾ?" ಅಂದಳು.

ರೊಟ್ಟಿ ವಾಪಸ್ ಬರಬೇಕು, ಹಕ್ಕೂ ಬಿಡಬಾರದು. ನನ್ನಂಥ ಮೇಧಾವಿಗೆ ಇದೇನು ದೊಡ್ಡ ವಿಷಯ? ಊರಿಂದ ಬಂದವರ ಹತ್ರ ನಮ್ಮ ಹಳೇ ಮಿಕ್ಸಿಗೆ ಹೊಸ ಬ್ಲೇಡು ತರಿಸಿದ್ದೆ. ಅದನ್ನ ಸರೋಜಂಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗದ ಹಾಗೆ ಕೂರಿಸಿ, ಸರೋಜನ ಕೈಲಿ ಶೇಂಗಾ ಚಟ್ನಿ ರುಬ್ಬಿಸಿ, ಗಂಗಕ್ಕನಿಗೆ ಕೊಟ್ಟು ಬಂದೆ. ಸಾಯಂಕಾಲ ಬೇಲಿ ಹತ್ರ ಗಂಗಕ್ಕ ಕೇಳಿದರು, "ಅಣ್ಣಾರ, ಇಷ್ಟು ನುಣ್ಣಗ ಹ್ಯಾಂಗ ಬಂತ್ರೀ?"

ನಾನು ನಿಟ್ಟುಸಿರು ಬಿಟ್ಟು ಅಂದೆ, "ಏನು ಮಾಡೋದು ತಾಯಿ, ಹೊಸ ಕಂಪನಿ ಕರೆಂಟು. ಸ್ವಲ್ಪ ಚುರುಕು."

ಅಷ್ಟೇ. ಮುಂದಿನ ಭಾನುವಾರ ಬಸಣ್ಣನವರೇ ರೊಟ್ಟಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದರು. ಹಿಂದೆ ಗಂಗಕ್ಕ, ಬುಟ್ಟಿ ತುಂಬ ಹುರಿದ ಶೇಂಗಾ. "ರಾಯರ, ಆ ಪಂಜಾಬಿ ಹುಡುಗಿ ಮತ್ತ ಯಾವಾಗ ಬರ್ತಾಳ್ರೀ?" ಅಂತ ಬಸಣ್ಣ ನೆಲ ನೋಡ್ಕೊಂಡು ಕೇಳಿದರು. ವಾರದೊಳಗೆ ಸುದ್ದಿ ಕನ್ನಡದೋರೆಲ್ಲಾ ಒಂದೊಂದು ಅಡುಗೆ ತಂದು ಸೇರೋ ಪಾಟ್‌ಲಕ್ ಊಟಕ್ಕೂ ಹೋಯ್ತು. ಬೆಂಗಳೂರಿನ ಇಂಜಿನಿಯರ್‌ಗಳು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರೇ ನನ್ನನ್ನ ಮೂಲೆಗೆ ಕರೆದು, "ಅಂಕಲ್, ಸೀರಿಯಸ್ಸಾಗಿ ಹೇಳಿ, ಇಡ್ಲಿ ಹಿಟ್ಟಿಗೂ ಆಗತ್ತಾ?" ಅಂದರು. ಶನಿವಾರ ಶನಿವಾರ ನಮ್ಮ ಅಡುಗೆಮನೆ ಮುಂದೆ ನೆನೆಸಿದ ಉದ್ದಿನಬೇಳೆ ಪಾತ್ರೆಗಳು ಸಾಲು ನಿಂತವು. ನಾನೇ ಆರಿಸಿ ತಂದ ಕರೆಂಟಲ್ಲಿ ಊರವರ ಹಿಟ್ಟೆಲ್ಲಾ ರುಬ್ಬೋ ಹಕ್ಕು ನನ್ನದಾಯ್ತು.

ನಿಜ ಹೇಳಿಬಿಡೋಣ ಅಂದ್ಕೊಂಡಿದ್ದೆ. ಆದ್ರೆ ಮೊನ್ನೆ ಟೊರಾಂಟೋ ಹತ್ರದ ನ್ಯೂಮಾರ್ಕೆಟ್ ಊರಲ್ಲಿ ಒಬ್ಬ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ವಿ. ಕಾಯಿ ಚಟ್ನಿ ಬಾಯಿಗಿಟ್ಟೆ, ತರಿತರಿ. ಎಲ್ಲರ ಎದುರಿಗೇ, ತುಂಬ ಕಾಳಜಿಯಿಂದ, ನನ್ನ ಬಾಯಿಂದ ಮಾತು ಬಂದೇಬಿಟ್ಟಿತು: "ಅಯ್ಯೋ ಪಾಪ, ನೀವಿನ್ನೂ ಹಳೇ ಕಂಪನಿ ಕರೆಂಟಲ್ಲೇ ಇದ್ದೀರಾ?"

ಸರೋಜ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ತಮಾಷೆಗೆ ಹೇಳ್ತಿಲ್ಲ ಅಂತ ಅವಳಿಗೆ ಗೊತ್ತಾಗಿಹೋಗಿತ್ತು.