ಟ್ಯೂಬಾ ಅಳೆದು ತಂದ ಸಾಹೇಬರು

ನಮ್ಮ ಸರ್ವೇಯರ್ ಸಾಹೇಬರು ಆ ಟ್ಯೂಬಾವನ್ನು ಮೊದಲ ಸಲ ಕಂಡದ್ದು ಒಂದು ಶನಿವಾರ, ಬೆಳಿಗ್ಗೆ ಹನ್ನೊಂದೂಕಾಲಿಗೆ, ವಾದ್ಯದಂಗಡಿಯ ಹಿಂದಿನ ಕೋಣೆಯಲ್ಲಿ. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಸ್ನಾನ ಮಾಡಿಸಿ, ಪೌಡರ್ ಬಳಿದು, ಫೋಟೋಕ್ಕೆ ಕೂರಿಸಿದ ಮಗುವಿನ ಹಾಗೆ ಅದು ಸ್ಟೂಲಿನ ಮೇಲೆ ಕೂತಿತ್ತು. ಪಕ್ಕದಲ್ಲೇ ಅದರ ದೊಡ್ಡಪ್ಪನಂಥ ಇನ್ನೊಂದು ಟ್ಯೂಬಾ, ಹೊಟ್ಟೆ ಬಿಟ್ಟುಕೊಂಡು ಗೋಡೆಗೆ ಒರಗಿತ್ತು. ಸಾಹೇಬರು ಎರಡನ್ನೂ ಒಮ್ಮೆ ನೋಡಿದರು. ಆಮೇಲೆ ಜೇಬಿನಿಂದ ಅಳತೆ ಟೇಪು ತೆಗೆದರು!

"ಊದಿ ನೋಡಲ್ವಾ ಸಾರ್?" ಎಂದಳು ಅಂಗಡಿಯಾಕೆ.

"ಇಪ್ಪತ್ತು ವರ್ಷ ಭೂಮಿ ಅಳೆದವನಮ್ಮಾ ನಾನು. ಅಳೆಯದೆ ಯಾವುದನ್ನೂ ನಂಬೋದಿಲ್ಲ!"

ಅಳೆಯುವುದಕ್ಕೆ ಕಾರಣವೂ ಇತ್ತು. ಊರಿನ ಬ್ಯಾಂಡಿನಲ್ಲಿ ಹದಿನೆಂಟು ವರ್ಷದಿಂದ ಸಾಹೇಬರು ದೊಡ್ಡ ಟ್ಯೂಬಾ ಊದುತ್ತಿದ್ದರು. ಹಿತ್ತಾಳೆ ವಾದ್ಯಗಳಲ್ಲೆಲ್ಲ ಅತಿ ದೊಡ್ಡದು, ಅತಿ ಆಳದ ದನಿಯದು. ಹಿಂದಿನ ಸಾಲಿನಲ್ಲಿ ಅದನ್ನು ಅಪ್ಪಿಕೊಂಡು ಕೂತರೆ ಜನರಿಗೆ ಕಾಣುತ್ತಿದ್ದದ್ದು ಎರಡು ಬೂಟು ಮಾತ್ರ. ಈಗ ಬ್ಯಾಂಡ್ ಮಾಸ್ಟರು ಐದೇ ಜನರ ಒಂದು ಚಿಕ್ಕ ತಂಡ ಕಟ್ಟುತ್ತಿದ್ದರು. ನಾಲ್ಕು ಕುರ್ಚಿ ತುಂಬಿದ್ದವು.

"ಐದನೇದು ನಿಮ್ಮದೇ," ಎಂದಿದ್ದರು ಮಾಸ್ಟರು. "ಆದ್ರೆ ಆ ಗುಡಾಣ ತರಬೇಡಿ, ನಾಲ್ಕು ಜನರ ದನೀನೂ ನುಂಗಿಬಿಡುತ್ತೆ. ಸಣ್ಣ ಎಫ್ ಟ್ಯೂಬಾ ತನ್ನಿ. ಒಂಟಿಯಾಗಿ ಊದಿದ್ರೂ ಸೈ, ಐವರ ಜೊತೆಗೂ ಸೈ. ಮುಂದಿನ ತಿಂಗಳ ಕಛೇರಿಯಲ್ಲಿ ಒಂದು ನಿಮಿಷ ಒಬ್ಬರೇ ನುಡಿಸಿ. ಚೆನ್ನಾಗಿ ಬಂದ್ರೆ ಕುರ್ಚಿ ಖಾಯಂ. ಇಲ್ಲಾಂದ್ರೆ ಮತ್ತೆ ಹಿಂದಿನ ಸಾಲು."

ಮುಂದಿನ ಸಾಲು! ಮುಖ ಕಾಣುವ ಸಾಲು! ಸಾಹೇಬರು ಮನೆಯ ಬಾಗಿಲು, ಬೀರುವಿನ ಕೆಳಖಾನೆ, ಕಾರಿನ ಹಿಂದಿನ ಸೀಟು ಎಲ್ಲವನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಸಣ್ಣ ಟ್ಯೂಬಾ ಎಲ್ಲದರಲ್ಲೂ ಹಿಡಿಯುತ್ತಿತ್ತು. ಕೊನೆಗೆ ಅಂಗಡಿಯಾಕೆಯ ಸಮಾಧಾನಕ್ಕೆಂದು ಒಂದೇ ಒಂದು ಸ್ವರ ಊದಿದರು. ಬೆಣ್ಣೆಯಂತೆ ಬಂತು.

"ಬೆರಳಿನ ಲೆಕ್ಕ ಇದರಲ್ಲಿ ಬೇರೆ ಸಾರ್," ಎಂದಳು ಆಕೆ.

"ಹದಿನೆಂಟು ವರ್ಷದ ಬೆರಳು ಇವು! ಎರಡು ದಿನ ಸಾಕು, ಪ್ಯಾಕ್ ಮಾಡಿ!"

ಆದರೆ ಅಂಗಡಿಯಲ್ಲಿ ಊದಿದ ಸ್ವರಕ್ಕೆ ಹಳೆಯ ಟ್ಯೂಬಾದಲ್ಲೂ ಏನೂ ಒತ್ತಬೇಕಿಲ್ಲ, ಹೊಸದರಲ್ಲೂ ಏನೂ ಒತ್ತಬೇಕಿಲ್ಲ. ಅದರ ಪಕ್ಕದ ಸ್ವರಗಳಿಗೆ ಬಂದಾಗ ಸಾಹೇಬರಿಗೆ ಬೆವರಿತು. ಹಳೆಯದರಲ್ಲಿ ಒಂದನೇ ಗುಂಡಿ, ಅಂದರೆ ವಾಲ್ವು, ಒತ್ತುತ್ತಿದ್ದ ಸ್ವರಕ್ಕೆ ಇಲ್ಲಿ ಕೈ ಬಿಡಬೇಕು. ಅಲ್ಲಿ ಕೈ ಬಿಡುತ್ತಿದ್ದ ಸ್ವರಕ್ಕೆ ಇಲ್ಲಿ ಒಂದನೇದು ಒತ್ತಬೇಕು! ಬುದ್ಧಿ "ಬಿಡು" ಎಂದರೆ ಬೆರಳು ಒತ್ತುತ್ತಿತ್ತು. "ಒತ್ತು" ಎಂದರೆ ಮುಷ್ಕರ ಹೂಡುತ್ತಿತ್ತು. ಎರಡು ದಿನ ಹೋಗಿ ಎರಡು ವಾರವಾಯಿತು. ಮನೆಯಲ್ಲಿ ಎಮ್ಮೆ ಕರು ಹಾಕುತ್ತಿದೆಯೇನೋ ಎಂದು ಪಕ್ಕದ ಮನೆಯವರು ಕಾಳಜಿಯಿಂದ ವಿಚಾರಿಸಿಕೊಂಡು ಹೋದರು.

"ರೀ, ಬಾಗಿಲು ಅಳೆದ್ರಿ, ಬೀರು ಅಳೆದ್ರಿ," ಎಂದರು ಸಾಹೇಬರ ಹೆಂಡತಿ. "ನಿಮ್ಮ ಬೆರಳಿಗೆ ಎಷ್ಟು ಬುದ್ಧಿ ಇದೆ ಅಂತ ಅಳೀಲಿಲ್ವಲ್ರೀ!"

ಹೆಂಡತಿ ಹೈಸ್ಕೂಲಿನಲ್ಲಿ ವ್ಯಾಯಾಮದ ಟೀಚರ್. ಅವರ ಸೀಟಿ ಕೇಳಿದರೆ ರಸ್ತೆಯ ಬಸ್ಸೂ ನಿಲ್ಲುತ್ತಿತ್ತು. ಯಾವ ಸ್ವರಕ್ಕೆ ಯಾವ ವಾಲ್ವು ಎಂಬ ಬೆರಳಿನ ಪಟ್ಟಿಯನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿ, ಎದುರಿಗೆ ನಿಂತು ಡ್ರಿಲ್ ಶುರು ಮಾಡಿದರು. ಸೀಟಿ ಕೊರಳಿಗೆ ಬಿತ್ತೆಂದರೆ ಗಂಡನೂ ಎಂಟನೇ ಕ್ಲಾಸಿನ ಹುಡುಗನೇ.

"ಒಂದು! ಬಿಡು! ಒಂದು-ಎರಡು! ಬಿಡು ಅಂದೆ! ಎಲ್ಲಿ ನೋಡ್ತಿದ್ದೀಯಾ?"

"ಲೇ, ನಾನು ನಿನ್ನ ಗಂಡ ಕಣೇ!"

"ಮಾತಾಡಿದ್ರೆ ಮೈದಾನಕ್ಕೆ ಎರಡು ಸುತ್ತು!"

ಆಶ್ಚರ್ಯವೆಂದರೆ, ಹೆಂಡತಿ ಕೂಗಿದರೆ ಬೆರಳು ತಪ್ಪುತ್ತಿರಲಿಲ್ಲ. ಕೂಗದಿದ್ದರೆ ಮತ್ತೆ ಎಮ್ಮೆ! ಕಛೇರಿಯಲ್ಲಿ ಕೂಗುವುದು ಹೇಗೆ? ಟೀಚರೇ ಉಪಾಯ ಹೂಡಿದರು. ಹಾಳೆ ತಿರುವುವ ನೆಪದಲ್ಲಿ ಗಂಡನ ಹಿಂದೆ ಸ್ಟೂಲ್ ಹಾಕಿಕೊಂಡು ಕೂರುವುದು. ಬೆನ್ನ ಮೇಲೆ ತೋರುಬೆರಳು ಒತ್ತಿದರೆ ಒಂದನೇ ವಾಲ್ವು, ನಡುಬೆರಳಿಗೆ ಎರಡನೇದು, ಹೀಗೆ ನಾಲ್ಕಕ್ಕೆ ನಾಲ್ಕು. ಕೈ ಎತ್ತಿದರೆ ಬಿಡು. ಒಂದು ವಾರದಲ್ಲಿ ಸಾಹೇಬರ ಬೆನ್ನು ವಿದ್ವಾಂಸನಾಯಿತು!

ಕಛೇರಿಯ ಸಂಜೆ ಸಭಾಂಗಣ ತುಂಬಿತ್ತು. ಸೆಕೆಗೆ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಸಾಹೇಬರ ಸರದಿ ಬಂತು. ಬೆನ್ನ ಮೇಲೆ ಬೆರಳು ಆಡಿದವು, ವಾಲ್ವಿನ ಮೇಲೆ ಬೆರಳು ಆಡಿದವು. ಟ್ಯೂಬಾ ಜೇನಿನಂತೆ ಹರಿಯಿತು. ಮಾಸ್ಟರು ಕಣ್ಣು ಮುಚ್ಚಿ ತಲೆದೂಗಿದರು. ಖಾಯಂ ಕುರ್ಚಿ ಇನ್ನು ಇಪ್ಪತ್ತೇ ಸೆಕೆಂಡು ದೂರ!

ಆಗ ಸಾಹೇಬರ ಬೆನ್ನ ಮೇಲೆ, ಭುಜದ ಕೆಳಗೆ ಒಂದು ಸೊಳ್ಳೆ ಬಂದು ಕೂತಿತು.

ಟೀಚರ್ ಯೋಚಿಸಲಿಲ್ಲ. ಅಂಗೈ ತಾನಾಗಿಯೇ ಎದ್ದಿತು. ಫಟಾರ್!

ನಾಲ್ಕೂ ಬೆರಳು ಒಟ್ಟಿಗೆ! ವಿಧೇಯ ಬೆನ್ನು ನಾಲ್ಕೂ ವಾಲ್ವು ಅದುಮಿಸಿತು. ಗಾಬರಿಗೆ ಎದೆಯಲ್ಲಿದ್ದ ಉಸಿರೆಲ್ಲ ಒಮ್ಮೆಲೇ ನುಗ್ಗಿತು. ಬಂದರಿನಿಂದ ಹಡಗು ಹೊರಟಂತೆ "ಭೋಂ" ಎಂದಿತು ಟ್ಯೂಬಾ. ತೊಟ್ಟಿಲಗೂಸೊಂದು ಕಿಟಾರನೆ ಕಿರುಚಿತು. ತುತ್ತೂರಿಯವನು ಕಛೇರಿಯೇ ಮುಗಿಯಿತೆಂದು ಎದ್ದು ನಮಸ್ಕಾರ ಹಾಕಿದ!

ಅಲ್ಲಿಗಾದರೂ ನಿಲ್ಲಬಾರದಿತ್ತೇ? ಬಿಳಿ ಅಂಗಿಯ ಮೇಲೆ ರಕ್ತದ ಕಲೆ ಕಂಡು ಟೀಚರಿಗೆ ತಡೆಯಲಾಗಲಿಲ್ಲ. ಕರವಸ್ತ್ರದಿಂದ ಬೆನ್ನನ್ನು ತಿಕ್ಕತೊಡಗಿದರು. ತಿಕ್ಕಿದ ಹಾಗೆಲ್ಲ ಸಾಹೇಬರು ಊದಿದರು! ಮೇಲಕ್ಕೆ ತಿಕ್ಕಿದರೆ ಒಂದು ಓಟ, ಕೆಳಕ್ಕೆ ತಿಕ್ಕಿದರೆ ಇನ್ನೊಂದು ಓಟ, ಯಾರೂ ಬರೆಯದ, ಇನ್ನು ಯಾರೂ ಬರೆಯಬಾರದ ಸಂಗೀತ. ಕಲೆ ಹೋದ ಮೇಲೆ ಟ್ಯೂಬಾ ನಿಂತಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ!

ಜನ ಹೋದ ಮೇಲೆ ಮಾಸ್ಟರು ಗಂಡಹೆಂಡಿರನ್ನು ಎದುರಿಗೆ ನಿಲ್ಲಿಸಿಕೊಂಡರು.

"ನಿಜ ಹೇಳಿ. ಯಾರ ಬೆರಳು ಇವು?"

"ನನ್ನವು ಸಾರ್," ಎಂದರು ಟೀಚರ್, ತಲೆ ತಗ್ಗಿಸಿ.

"ಉಸಿರು ಮಾತ್ರ ನಂದು ಸಾರ್!" ಎಂದರು ಸಾಹೇಬರು, ತಲೆ ಎತ್ತಿ.

ಮಾಸ್ಟರು ಟೀಚರ ಕೊರಳಲ್ಲಿದ್ದ ಸೀಟಿಯನ್ನು ನೋಡಿದರು. ಟ್ಯೂಬಾವನ್ನು ನೋಡಿದರು. "ಅಮ್ಮಾ, ಇದನ್ನ ಒಂದ್ಸಲ ಊದಿ ನೋಡ್ತೀರಾ?"

ಊದಿದರು. ಕಿಟಕಿಯ ಗಾಜು ಅದುರಿತು. ಸಾಹೇಬರ ಎದೆಯೂ ಅದುರಿತು.

ಇದಾಗಿ ಒಂದೂವರೆ ವರ್ಷವಾಯಿತು. ಈಗ ಟೀಚರ್ ಐದನೇ ಕುರ್ಚಿಯಲ್ಲಿ ಕೂತು ಎಫ್ ಟ್ಯೂಬಾ ನುಡಿಸುತ್ತಾರೆ. ಸಾಹೇಬರು ಅವರ ಹಿಂದೆ, ಮೊಳ ಅಂತರ ಸರಿಯಾಗಿ ಅಳೆದು ಹಾಕಿದ ಸ್ಟೂಲಿನ ಮೇಲೆ ಕೂತು, ಸೊಳ್ಳೆ ಕಾಯುತ್ತಾರೆ.